ಬೆಣ್ಣಿ ಸಾಹೇಬರು

ಧಾರವಾಡದಲ್ಲಿ ಬೆಣ್ಣಿ ಸಾಹೇಬರ ಶ್ರದ್ಧಾಂಜಲಿ ಸಭೆ ನಡೆಯಿತು. ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ನಿಂತು, ಬಹಳ ಶಾಂತ ಸ್ವಭಾವದವರು, ಸಮಾಧಾನದ ಮೂರ್ತಿ ಎಂದೆಲ್ಲ ಹೇಳಿದರು. ಮೂರನೆಯವರೂ ಅದನ್ನೇ ಶುರುಮಾಡಿದಾಗ ನನಗೆ ತಡೆಯಲಾಗಲಿಲ್ಲ. ಬಾಜು ಕುಳಿತಿದ್ದ ಹೆಂಗಸಿಗೆ, "ಇವರು ಯಾರ ಬಗ್ಗೆ ಮಾತಾಡಾಕತ್ತಾರ್ರಿ?" ಎಂದು ಕೇಳಿಯೇಬಿಟ್ಟೆ. ಆಕೆ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿ ಕುರ್ಚಿ ಸರಿಸಿಕೊಂಡಳು. ಸರಿಸಿಕೊಳ್ಳಲಿ. ಸಮಾಧಾನವಂತೆ! ಒಂದು ಕಪ್ ಚಹಾ ಕುಳಿತು ಕುಡಿಯುವಷ್ಟು ಸಮಾಧಾನ ಆ ಮನುಷ್ಯನಿಗೆ ಇದ್ದದ್ದನ್ನು ನಾನಂತೂ ನೋಡಲಿಲ್ಲ. ಸತ್ತವರನ್ನೆಲ್ಲ ಒಂದೇ ಅಚ್ಚಿನಲ್ಲಿ ಹಾಕಿ ತೆಗೆಯುವ ಈ ಚಟ ನಮ್ಮ ಮಂದಿಗೆ ಯಾವಾಗ ಬಿಡುತ್ತದೋ ಏನೋ. ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತೆ.

ನಾನು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲೆಯ ಅಕ್ಕೋರು. ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯುವ ಎರೆಭೂಮಿ ನಮ್ಮದು. ಬಾವಿ ತೋಡಿದರೆ ಸವುಳು ನೀರು ಬರುತ್ತದೆ, ಆದ್ದರಿಂದ ಕುಡಿಯಲು ಕೆರೆಯೇ ಗತಿ. ಸಾಹೇಬರು ಅಣ್ಣಿಗೇರಿಯ ಕಾಳಿನ ವ್ಯಾಪಾರದ ಮುಸ್ಲಿಂ ಮನೆತನದವರು. ರಸಾಯನಶಾಸ್ತ್ರ ಓದಿ, ಧಾರವಾಡದಲ್ಲಿ ಮನೆ ಮಾಡಿಕೊಂಡು, ಸಂಶೋಧನೆಯ ಕೆಲಸದಲ್ಲಿದ್ದರು. ಹೊಲಕ್ಕೆ ಹೊಡೆದ ಕೀಟನಾಶಕ ಅಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾರ ಮೈ ಸೇರುತ್ತದೆ, ಸೇರಿದ ಮೇಲೆ ಏನು ಮಾಡುತ್ತದೆ ಎಂದು ಹುಡುಕುವುದೇ ಅವರ ಕಸುಬು.

ಹೆಂಗಸರ ಹತ್ತಿರ ಮಾತಾಡಲು ಊರಿನವರೊಬ್ಬರು ಜೊತೆಗೆ ಬೇಕೆಂದು ಕೇಳಿಕೊಂಡು ಅವರು ಮೊದಲ ಸಲ ಶಾಲೆಗೆ ಬಂದದ್ದು ನೆನಪಿದೆ. ಕುರ್ಚಿ ಕೊಟ್ಟರೆ ಅದರ ತುದಿಗೆ ಕುಳಿತರು. ಎರಡು ಮಾತಾಡುವುದರೊಳಗೆ ಎದ್ದು ಕಿಟಕಿಯ ಬಳಿ ಹೋದರು. ಅಲ್ಲಿಂದ ಮಕ್ಕಳ ಊಟದ ಕೋಣೆಗೆ ಹೋಗಿ, ಬೇಳೆ ತುಂಬಿಟ್ಟ ಡಬ್ಬಿ ತೆರೆದು ಮೂಸಿ ನೋಡಿದರು. ನನಗೆ ರೇಗಿತು.

"ಏನ್ರಿ ಸರ, ಅಡಿಗಿಮನಿ ತಪಾಸಣಿಗೆ ಬಂದೀರೇನು?" ಎಂದೆ.

"ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ಡಬ್ಬಿ ಕಂಡ್ರ ನನ್ನ ಮೂಗು ಸುಮ್ಮನ ಇರಂಗಿಲ್ಲ," ಎಂದರು.

ಆ ಚಟ ನಿಜವಾಗಿಯೂ ಇತ್ತು. ನಮ್ಮ ಕಡೆ ಕೀಟನಾಶಕಕ್ಕೆ 'ಎಣ್ಣಿ' ಎನ್ನುತ್ತಾರೆ. ಎಣ್ಣಿ ಖಾಲಿಯಾದ ಡಬ್ಬಿಯನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಬೀಜ ತುಂಬಿಡುತ್ತಾರೆ. ಅಂಥ ಡಬ್ಬಿ ಕಂಡರೆ ಸಾಕು, ಇವರು ಅದನ್ನು ಕಸಿದುಕೊಂಡು ಹೋಗಿ, ಮರುವಾರ ತಮ್ಮ ಮನೆಯಿಂದ ಸ್ಟೀಲಿನ ಡಬ್ಬಿ ತಂದುಕೊಡುತ್ತಿದ್ದರು. ಒಮ್ಮೆ ಅವರ ಹೆಂಡತಿಯೂ ಬಂದರು. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, "ಮದುವ್ಯಾಗ ನಮ್ಮ ಅಮ್ಮೀ ಕೊಟ್ಟ ಡಬ್ಬಿ ಒಂದೊಂದ ಮಾಯ ಆಗಾಕತ್ತಾವ. ಯಾರ್ಯಾರ ಮನ್ಯಾಗ ಸಂಸಾರ ಮಾಡಾಕತ್ತಾವ ನೋಡಿ ಹೋಗೂನು ಅಂತ ಬಂದೆ," ಎಂದು ನಕ್ಕರು. ಗಂಡ ಅಷ್ಟು ಹೊತ್ತಿಗೆ ಎರಡು ಓಣಿ ದಾಟಿದ್ದರು.

ಹೆಸರಿನ ಮುಂದೆ ಡಾಕ್ಟರ್ ಇದ್ದದ್ದು ಅವರಿಗೆ ದೊಡ್ಡ ಪೀಡೆಯಾಗಿತ್ತು. ನಮ್ಮ ಓಣಿಯ ಮುದುಕಿಯೊಬ್ಬಳು ಮೊಣಕಾಲು ಮುಂದೆ ಚಾಚಿ ಗುಳಿಗೆ ಕೇಳಿದಳು.

"ನಾ ಗುಳಿಗಿ ಕೊಡೂ ಡಾಕ್ಟರ ಅಲ್ಲಬೇ ಯವ್ವಾ. ಬ್ಯಾನಿ ಯಾಕ ಬಂತು ಅಂತ ಹುಡುಕೂ ಡಾಕ್ಟರ."

"ಹುಡುಕಿದ ಮ್ಯಾಲ ವಾಸಿ ಮಾಡತೀಯೇನು?"

"ಅದು ನನಗ ಬರಂಗಿಲ್ಲ."

"ಹಂಗಾರ ನೀ ಇದ್ದು ಏನ್ ಉಪಯೋಗೋ ತಮ್ಮಾ?" ಎಂದಳು ಮುದುಕಿ.

ಈ ಕತೆಯನ್ನು ಅವರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಆದರೆ ಆ ಮಾತು ಅವರಿಗೆ ಚುಚ್ಚಿತ್ತು.

ಅವರಿಗೆ ಬೇಕಾಗಿದ್ದದ್ದು ಬೆಣ್ಣೆ. ಹೆಂಗಸರನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿ ಕೇಳಿದರು: "ಅಡಿಗಿ ಎಣ್ಣಿ ನೀರಾಗ ಬೆರೀತೈತೇನ್ರವಾ?"

"ಇಲ್ರಿ."

"ಬೆಣ್ಣ್ಯಾಗ?"

"ಬೆರೀತೈತ್ರಿ."

"ಅಷ್ಟ ನೋಡ್ರಿ ನನ್ನ ವಿದ್ಯಾ. ಕೆಲವು ಔಷಧ ನೀರಿನ್ಯಾಗ ಕರಗಿ ಹೋಗೂದಿಲ್ಲ, ಕೊಬ್ಬು ಹುಡಕತಾವ. ಹೊಲದಾಗಿಂದ ಮೇವಿಗೆ, ಮೇವಿಂದ ಎಮ್ಮಿಗೆ, ಎಮ್ಮಿಯಿಂದ ಬೆಣ್ಣಿಗೆ ಬರತಾವ. ಅಲ್ಲಿಂದ ನಮ್ಮ ಮೈಗೆ ಬಂದು ವರ್ಷಗಟ್ಟಲೆ ಕೂತುಬಿಡತಾವ."

ಒಂದೊಂದು ಮನೆಯಿಂದ ಲಿಂಬೆಹಣ್ಣಿನಷ್ಟು ಬೆಣ್ಣೆ ಕೊಡಬೇಕೆಂದು ಕೇಳಿಕೊಂಡರು. ಅಂದಿನಿಂದ ಅವರ ಹೆಸರು ಬೆಣ್ಣಿ ಸಾಹೇಬರು. ನಮ್ಮ ಹೆಂಗಸರು ಮರುದಿನ ಬೆಳಿಗ್ಗೆ ಗಾಜಿನ ಬಾಟಲಿಗಳಲ್ಲಿ ಬೆಣ್ಣೆ ತುಂಬಿ ನನ್ನ ಕೈಗೆ ತಂದುಕೊಟ್ಟರು. ಎಷ್ಟು ಚೆಂದದ ಬೆಣ್ಣೆ! ಮಲ್ಲಿಗೆಯಂತೆ ಬೆಳ್ಳಗಿತ್ತು. ನಮ್ಮೂರಿನವರು ಇಷ್ಟು ಅಚ್ಚುಕಟ್ಟು ಯಾವಾಗ ಕಲಿತರು ಎಂದು ನನಗೆ ಖುಷಿಯೂ ಆಗಿತ್ತು.

ಕೆಲವು ವಾರ ಕಳೆದು ಸಾಹೇಬರು ಬಂದರು. ಬಂದವರು ನಮ್ಮ ಅಂಗಳದಲ್ಲಿ ಅತ್ತಿಂದಿತ್ತ ತಿರುಗಾಡತೊಡಗಿದರು.

"ಅಕ್ಕೋರ, ನಿಮ್ಮೂರಾಗ ಎಮ್ಮಿ ಎಷ್ಟದಾವ?"

"ಮನಿಗೊಂದು ಹಿಡೀರಿ. ಯಾಕ?"

"ನಮ್ಮ ಮಷೀನು ಒಂದ ಐತಿ ಅನ್ನಾಕತ್ತೈತಿ."

ಎಲ್ಲ ಬಾಟಲಿಗಳ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಬಂದಿತ್ತು. ನನಗೆ ತಟ್ಟನೆ ಹೊಳೆಯಿತು. ಹೋಗಿ ವಿಚಾರಿಸಿದರೆ ಹೌದು! ಅಷ್ಟೂ ಮನೆಯವರು ಬಾಟಲಿ ಕೊಡುವ ಹಿಂದಿನ ಸಂಜೆ ಗಂಗವ್ವನ ಮನೆಗೆ ಹೋಗಿ ಬೆಣ್ಣೆ ಇಸಿದುಕೊಂಡು ಬಂದಿದ್ದರು. ಗಂಗವ್ವನ ಬೆಣ್ಣೆಯೆಂದರೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. "ಧಾರವಾಡಕ್ಕ ಹೋಗೂ ಬೆಣ್ಣಿ ಅಂದ್ರಿ. ನಮ್ಮನಿ ಹುಳಿ ಬೆಣ್ಣಿ ಕಳಿಸಿ ಊರ ಮಾನ ಕಳೀಬೇಕೇನ್ರಿ?" ಎಂದು ಆ ಹೆಂಗಸರು ನನ್ನನ್ನೇ ಗದರಿಸಿದರು. ಪರೀಕ್ಷೆಗೆ ಹೋಗುವ ಬೆಣ್ಣೆಯೂ ಬೀಗರ ಮನೆಗೆ ಹೋಗುವ ಬೆಣ್ಣೆಯೂ ಅವರಿಗೆ ಒಂದೇ. ನಾನು ಹಣೆ ಚಚ್ಚಿಕೊಂಡೆ. ಸಾಹೇಬರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಳ್ಳುತ್ತಾ, "ಹಂಗಾರ ಆ ಒಂದ ಎಮ್ಮಿ ಗಂಗವ್ವಂದು," ಎಂದವರು ಒಮ್ಮೆಲೇ ಗಂಭೀರವಾದರು.

"ಯಾಕ್ರಿ?"

"ಅದರಾಗ ಭಾಳ ಐತ್ರಿ ಅಕ್ಕೋರ. ಇಷ್ಟು ಇರಬಾರದು."

ಊರೆಲ್ಲ ಹೊಗಳುವ ಬೆಣ್ಣೆಯಲ್ಲೇ ವಿಷ ಹೆಚ್ಚಿತ್ತು. ಮತ್ತೆ ಮನೆಮನೆಗೆ ಹೋಗಿ, ಎದುರಿಗೇ ನಿಂತು, ಅವರವರ ಬೆಣ್ಣೆಯನ್ನೇ ತೆಗೆಸಿದೆವು. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇತ್ತು, ಗಂಗವ್ವನ ಬೆಣ್ಣೆಯಲ್ಲಿದ್ದಷ್ಟು ಯಾವುದರಲ್ಲೂ ಇರಲಿಲ್ಲ. ಕಾರಣ ಸಾಹೇಬರ ಮೂಗಿಗೇ ಸಿಕ್ಕಿತು. ಗಂಗವ್ವ ಎಮ್ಮೆಗೆ ತಿನ್ನಿಸುವ ಹತ್ತಿಕಾಳನ್ನು ಒಂದು ನೀಲಿ ಡ್ರಮ್ಮಿನಲ್ಲಿ ತುಂಬಿಟ್ಟಿದ್ದಳು. ಎಂದೋ ಎಣ್ಣಿ ತುಂಬಿ ಬಂದಿದ್ದ ಡ್ರಮ್ಮು ಅದು. ಹತ್ತಿಕಾಳಿನಲ್ಲೂ ಎಣ್ಣೆಯಂಶವಿರುತ್ತದಲ್ಲ, ಡ್ರಮ್ಮಿಗೆ ಅಂಟಿದ್ದನ್ನೆಲ್ಲ ಅದು ಹೀರಿಕೊಂಡಿತ್ತು. ಬೇರೆ ಯಾರೂ ಎಮ್ಮೆಗೆ ಅಷ್ಟು ಹತ್ತಿಕಾಳು ಹಾಕುತ್ತಿರಲಿಲ್ಲ. ಗಂಗವ್ವ ಮಾತ್ರ ಪ್ರೀತಿಯಿಂದ ಮೊಗೆಮೊಗೆದು ಹಾಕುತ್ತಿದ್ದಳು.

ಅದೇ ಹೊತ್ತಿಗೆ ಗಂಗವ್ವನ ಮಗಳು ರೇಣುಕಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೊಟ್ಟದ್ದು ಊರಲ್ಲೇ, ಆದರೂ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಹೆಣ್ಣುಕೂಸು. ಗಂಗವ್ವ ಮಗಳಿಗೆ ದಿನಾ ಅನ್ನಕ್ಕೂ ತುಪ್ಪ, ಅಂಟಿನುಂಡಿಗೂ ತುಪ್ಪ, ಕೊನೆಗೆ ಹಾಲಿಗೂ ತುಪ್ಪ ಸುರಿಯುತ್ತಿದ್ದಳು. ಆ ತುಪ್ಪ ರೇಣುಕಾಳ ಹೊಟ್ಟೆಗೆ ಹೋಗುತ್ತದೆ, ಅವಳ ಮೈಯಿಂದ ಎದೆಹಾಲಿಗೆ ಇಳಿಯುತ್ತದೆ. ಇದು ತಿಳಿದ ದಿನ ಸಾಹೇಬರು ನಮ್ಮ ಮನೆಯಲ್ಲಿ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ತಿರುಗಾಡಿದರು. ಕುಡಿಯಲೇ ಇಲ್ಲ.

ಎದೆಹಾಲನ್ನು ಪರೀಕ್ಷೆ ಮಾಡದೆ ಏನೂ ಹೇಳುವಂತಿರಲಿಲ್ಲ. ಗಂಡಸು ಬಾಯಿಬಿಟ್ಟು ಕೇಳುವ ಮಾತೇ ಅದು? ಅದನ್ನು ನಾನೇ ಹೋಗಿ ಕೇಳಿದೆ. ರೇಣುಕಾ ಸೆರಗಿನಿಂದ ಮೈಮುಚ್ಚಿಕೊಂಡಳು. ಆಮೇಲೆ, "ಕೊಡತೀನ್ರಿ. ಆದರ ಬಂದದ್ದನ್ನ ಮೊದಲ ನನಗ ಹೇಳಬೇಕು. ನಮ್ಮವ್ವಗ ಅಲ್ಲ, ನಮ್ಮ ಮನಿಯವರಿಗೂ ಅಲ್ಲ," ಎಂದಳು. ಸಾಹೇಬರು ಬಾಗಿಲ ಹೊರಗೆ ನಿಂತಿದ್ದರು. ಅಲ್ಲಿಂದಲೇ, "ಆತವಾ, ಮಾತು ಕೊಟ್ಟೆ," ಎಂದರು.

ಫಲಿತಾಂಶ ಬಂತು. ನಾವು ಅಂಜಿದ್ದೇ ಆಗಿತ್ತು.

ಅವರ ಒದ್ದಾಟವನ್ನು ನಾನು ಆಗ ನೋಡಿದೆ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ನಮ್ಮ ಅಂಗಳ ಸವೆಸಿದರು. "ಹೇಳಿದ್ರ ಆಕಿ ಕೂಸಿಗೆ ಹಾಲು ಬಿಡಸತಾಳ. ಬಿಡಿಸಿದ್ರ ಪುಡಿ ಹಾಲು. ಪುಡಿ ಕಲಸಾಕ ನೀರು ಎಲ್ಲೀದು? ಕೆರೀದು. ಆ ನೀರಿಗೆ ಕೂಸು ಎಂಟ ದಿನಾ ತಡೀತೈತೇನ್ರಿ? ಹೇಳದಿದ್ರ ಗಂಗವ್ವ ತುಪ್ಪಾ ಸುರಿಯೂದು ನಿಲ್ಲಂಗಿಲ್ಲ."

"ಮ್ಯಾಲಿನವರನ್ನ ಕೇಳ್ರಿ ಸರ," ಎಂದೆ.

"ಕೇಳೇನ್ರಿ. ಎಲ್ಲಾ ಹಳ್ಳಿ ಕೆಲಸ ಮುಗಿಯೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ್ರು. ಅದಕ್ಕ ವರ್ಷ ಹಿಡೀತೈತಿ. ಕೂಸು ವರ್ಷಗಟ್ಟಲೆ ಕುಡದ ಮ್ಯಾಲ ಹೇಳಿದ್ರ ಹೇಳಿದಂಗಾತೇನು?"

ಹಾಗೆಂದವರೇ ಹೊರಟರು. ನಾನು ಚಪ್ಪಲಿ ಮೆಟ್ಟುವುದರೊಳಗೆ ಗಂಗವ್ವನ ಮನೆಯ ಹೊಸ್ತಿಲು ತಲುಪಿದ್ದರು. ರೇಣುಕಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಸಾಹೇಬರು ನೆಲದ ಮೇಲೆ ಕುಳಿತರು. ಅವರು ನಿಜವಾಗಿ ಕುಳಿತದ್ದನ್ನು ನಾನು ಕಂಡದ್ದು ಅಂದೇ. ಏನು ಬಂದಿದೆ, ಎಲ್ಲಿಂದ ಬಂದಿದೆ, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು. ರೇಣುಕಾ ಕೇಳಿದ್ದು ಒಂದೇ ಮಾತು.

"ಹಂಗಾರ ಕೂಸಿಗೆ ಕುಡಸಲೋ ಬ್ಯಾಡೋ?"

"ಕುಡಸವಾ. ಇವತ್ತೂ ಕುಡಸು, ನಾಳೆನೂ ಕುಡಸು. ಎಮ್ಮಿ ತುಪ್ಪಾ ಬಿಡು, ಹಾಲು ಬಿಡಬ್ಯಾಡ."

"ಕೂಸಿಗೆ ಏನೂ ಆಗಂಗಿಲ್ಲ ಅಂತ ಖಾತ್ರಿ ಐತೇನ್ರಿ?"

ಹೂಂ ಎಂದುಬಿಡಬಹುದಿತ್ತು. ಹೂಂ ಎನ್ನಲಿ ಎಂದು ನಾನೂ ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಅವರು ಕೂಸನ್ನೇ ನೋಡುತ್ತಾ, "ಇಲ್ಲವಾ. ಖಾತ್ರಿ ಇಲ್ಲ. ಕೆರಿ ನೀರಾಗ ಪುಡಿ ಕಲಸಿ ಕುಡಸೂದಕ್ಕಿಂತ ನಿನ್ನ ಹಾಲು ಛಲೋ. ಇದೊಂದು ಖಾತ್ರಿ," ಎಂದರು.

ರೇಣುಕಾ ಕಣ್ಣಲ್ಲಿ ನೀರು ತುಂಬಿಕೊಂಡೇ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಸಾಹೇಬರು ಎದ್ದು ಹೊರಗೆ ಬಂದರು. ಹೊರಗೆ ಗಂಗವ್ವ ಎಲ್ಲ ಕೇಳಿಸಿಕೊಂಡು ನಿಂತಿದ್ದಳು.

"ನಮ್ಮ ಬೆಣ್ಣಿಗೆ ವಿಷಾ ಅಂದಿ ಅಲ್ಲೋ ಸಾಹೇಬಾ! ಹಡದ ಮಗಳಿಗೆ ನಾ ವಿಷಾ ಉಣಿಸೇನೇನೋ? ನಿನ್ನ ನಾಲಿಗಿಗೆ ಹುಳಾ ಬೀಳಲಿ!"

ಓಣಿಯವರೆಲ್ಲ ಕೂಡಿದರು. ಬಾಯಿಗೆ ಬಂದಂತೆ ಬೈಯುತ್ತಲೇ ಗಂಗವ್ವ ಆ ನೀಲಿ ಡ್ರಮ್ಮನ್ನು ಹಿತ್ತಲಿನಿಂದ ಉರುಳಿಸಿಕೊಂಡು ಬಂದು ಹತ್ತಿಕಾಳನ್ನು ತಿಪ್ಪೆಗೆ ಸುರಿಯಲು ಹೊರಟಳು. ಸಾಹೇಬರು ಅಡ್ಡ ಓಡಿದರು: "ತಿಪ್ಪಿಗೆ ಬ್ಯಾಡಬೇ ಯವ್ವಾ, ಮತ್ತ ಹೊಲಕ್ಕ ಹೋಗತೈತಿ!" ಕೊನೆಗೆ ಕಾಳು ಸಮೇತ ಡ್ರಮ್ಮನ್ನು ಬಾಡಿಗೆ ಟೆಂಪೋದಲ್ಲಿ ಹಾಕಿಕೊಂಡು, ತಾವೇ ಹಿಂದೆ ಅದನ್ನು ಹಿಡಿದುಕೊಂಡು ನಿಂತು ಧಾರವಾಡಕ್ಕೆ ಹೋದರು. ಗಂಗವ್ವ ತೀರಿಕೊಳ್ಳುವತನಕ ಅವರನ್ನು ಮಾತಾಡಿಸಲಿಲ್ಲ. ಅವಳದೇನು ತಪ್ಪು? ಊರಿನಲ್ಲಿ ಆಮೇಲೆ ಅವಳ ಬೆಣ್ಣೆ ಮುಟ್ಟುವವರಿರಲಿಲ್ಲ. ಇಸಿದುಕೊಂಡು ಹೋಗಿದ್ದವರೇ ಎದುರು ಸಿಕ್ಕರೆ ಮುಖ ತಿರುಗಿಸಿದರು. ಆ ಮಂದಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಸಾಹೇಬರಿಗೂ ಆಫೀಸಿನಲ್ಲಿ ಪೂಜೆಯಾಯಿತು. ಯಾರನ್ನು ಕೇಳಿ ಹೇಳಿದಿರಿ ಎಂದು ಮೇಲಿನವರು ಗದರಿಸಿ, ನಮ್ಮೂರಿನ ಕೆಲಸವನ್ನು ಬೇರೆಯವರಿಗೆ ವಹಿಸಿದರಂತೆ. ಅವರು ಬರುವುದನ್ನು ಮಾತ್ರ ಬಿಡಲಿಲ್ಲ. ರೇಣುಕಾ ಬಿಡಲೂ ಇಲ್ಲ. ಕೂಸಿಗೆ ಜ್ವರ ಬಂದರೆ ಫೋನು: "ಇದು ಅದರಿಂದ ಬಂದದ್ದೇನ್ರಿ?" ಮೈಮೇಲೆ ಗುಳ್ಳೆ ಎದ್ದರೂ ಫೋನು, ಹಲ್ಲು ತಡವಾಗಿ ಬಂದರೂ ಫೋನು. "ಅಲ್ಲ ಅನಸತೈತವಾ, ಆದ್ರೂ ನೋಡೂನು" ಎಂದು ಅವರು ಮುಂದಿನ ಬಸ್ಸಿಗೆ ಹತ್ತುತ್ತಿದ್ದರು. ಒಮ್ಮೆ ನವಲಗುಂದದ ದವಾಖಾನೆಯಲ್ಲಿ ಡಾಕ್ಟರಿಗೆ ಇಷ್ಟು ಪ್ರಶ್ನೆ ಕೇಳಿದರೆಂದರೆ, ಆ ಡಾಕ್ಟರು ಬೇಸತ್ತು, "ನೀವು ಈ ಹುಡುಗಿಗೆ ಏನಾಗಬೇಕ್ರಿ?" ಎಂದರು.

"ಏನೂ ಆಗಬೇಕಿಲ್ರಿ. ಹಾಲು ಕುಡಸು ಅಂತ ಹೇಳಿದವ ನಾನು," ಎಂದರು ಇವರು.

"ಸಾವಿರ ಮಕ್ಕಳನ್ನ ನೋಡಿದ್ರ ಇಷ್ಟು ಮಂದಿಗೆ ತೊಂದರಿ ಆಗಬಹುದು ಅಂತ ಹೇಳಬಹುದ್ರಿ," ಎಂದು ಸಾಹೇಬರು ಒಮ್ಮೆ ನನ್ನ ಮುಂದೆ ಅಂದಿದ್ದರು. "ಈ ಒಬ್ಬಾಕಿಗೆ ಏನಾಗತೈತಿ ಅಂತ ಯಾವ ಮಷೀನೂ ಹೇಳಂಗಿಲ್ಲ. ತಾಯಿ ಕೇಳೂದು ಮಾತ್ರ ಆ ಒಬ್ಬಾಕಿದು."

ಎರಡನೇ ಹೆರಿಗೆಯಾದಾಗ ರೇಣುಕಾ ಯಾರೂ ಕೇಳದೆ ತಾನೇ ಎದೆಹಾಲಿನ ಬಾಟಲಿ ಕಳಿಸಿದಳು. ವಿಷ ಬಹಳ ಇಳಿದಿತ್ತು. ಸಾಹೇಬರು ಓಡುತ್ತ ಬಂದು ಅದನ್ನು ಹೇಳಿದರು. ಆಕೆ ದೊಡ್ಡ ಮಗಳ ತಲೆಯ ಮೇಲೆ ಕೈಯಿಟ್ಟು, "ಇಕಿಗೆ ಹೋದದ್ದು?" ಎಂದಳು.

"ಸಾವಕಾಶ ಇಳೀತೈತವಾ. ಮುಂದ ಏನಾರ ತೊಂದರಿ ಮಾಡತೈತೋ ಇಲ್ಲೋ, ಗೊತ್ತಿಲ್ಲ."

ರೇಣುಕಾ ಸಿಟ್ಟಾಗುತ್ತಾಳೆಂದುಕೊಂಡೆ. ಆಕೆ ಅವರಿಗೆ ಮಣೆ ಹಾಕಿ, "ಗೊತ್ತಿಲ್ಲ ಅಂತ ಹೇಳೂ ಮಂದಿ ನೀವೊಬ್ರ ನೋಡ್ರಿ. ಉಳಿದವರೆಲ್ಲ ಏನೂ ಆಗಂಗಿಲ್ಲ ಬಿಡು ಅಂತಾರ. ಅವರ ಮಾತು ಕೇಳಿದ್ರ ನನಗ ಇನ್ನಷ್ಟು ಅಂಜಿಕಿ ಬರತೈತಿ," ಎಂದಳು.

ಇಂಥ ವಿಷಗಳು ಹೆಣ್ಣುಮಕ್ಕಳು ದೊಡ್ಡವರಾಗುವ ಹೊತ್ತನ್ನು ಹಿಂದುಮುಂದು ಮಾಡಬಹುದು ಎಂದು ಅವರು ನನಗೆ ಹೇಳಿದ್ದರು. ನಾನು ಬಾಯಿ ತಡೆಯಲಾರದೆ ರೇಣುಕಾಳಿಗೂ ಹೇಳಿದ್ದೆ. ಹುಡುಗಿ ನನ್ನ ಶಾಲೆಯಲ್ಲೇ ಓದಿದಳು. ನೋಡನೋಡುತ್ತ ಅವಳ ಜೋಡಿಯ ಹುಡುಗಿಯರೆಲ್ಲ ದೊಡ್ಡವರಾದರು, ಇವಳೊಬ್ಬಳು ಉಳಿದಳು. ಈ ಬೇಸಿಗೆಯಲ್ಲಿ ಸಾಹೇಬರು ಕೊನೆಯ ಸಲ ಬಂದರು. ಬಡಕಲಾಗಿದ್ದರು, ನಾಲ್ಕು ಹೆಜ್ಜೆಗೆ ಉಸಿರು ಹತ್ತುತ್ತಿತ್ತು. ಅಷ್ಟಾದರೂ ಕುಳಿತುಕೊಳ್ಳಲಿಲ್ಲ.

"ಹುಡುಗಿ ಆರಾಮ ಅದಾಳಲ್ರಿ ಅಕ್ಕೋರ?"

"ಅದಾಳ್ರಿ ಸರ."

"ಆರಾಮ ಅಂದ್ರ... ಎಲ್ಲಾ ಆರಾಮನಾ?"

ಅವರು ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ಬಾಯಿಬಿಟ್ಟು ಕೇಳಲು ಅವರಿಗೆ ಸಂಕೋಚ. "ಇನ್ನೂ ಇಲ್ರಿ. ನಮ್ಮ ಅಕ್ಕಂದೂ ತಡಾನ ಆಗಿತ್ತು. ಅದಕ್ಯಾಕ ಚಿಂತಿ ಮಾಡತೀರಿ?" ಎಂದೆ. ತಲೆಯಾಡಿಸಿ ಬಸ್ ನಿಲ್ದಾಣದ ಕಡೆ ಹೋದರು. ಬಸ್ಸು ಬರುವತನಕವೂ ರಸ್ತೆಯ ಮೇಲೆ ಅತ್ತಿಂದಿತ್ತ ತಿರುಗಾಡುತ್ತಿದ್ದುದು ನಮ್ಮ ಕಟ್ಟೆಗೆ ಕಾಣುತ್ತಿತ್ತು. ಮುಂದೆ ದವಾಖಾನೆ ಸೇರಿದರು. ಅಲ್ಲಿಂದ ಮನೆಗೆ ಬರಲಿಲ್ಲ. ಅವರು ಹೋಗಿ ಇನ್ನೂ ತಿಂಗಳೂ ಆಗಿಲ್ಲ.

ಸಭೆಯಿಂದ ಬಂದ ಮೇಲೆ ಸಿಟ್ಟಿನಲ್ಲಿ ಬರೆಯಲು ಕುಳಿತೆ ಎಂದೆನಲ್ಲ. ಅರ್ಧ ಬರೆದು, ಮುಂದೆ ಏನು ಬರೆಯುವುದೆಂದು ತಿಳಿಯದೆ ಬಿಟ್ಟಿದ್ದೆ. ಇವತ್ತು ಮುಂಜಾನೆ ರೇಣುಕಾ ಸಕ್ಕರೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ಓಡಿ ಬಂದಿದ್ದಳೇನೋ, ಏದುಸಿರು ಬಿಡುತ್ತಿದ್ದಳು.

"ದೊಡ್ಡಾಕಿ ಆಗ್ಯಾಳ್ರಿ ಅಕ್ಕೋರ!"

ಇಬ್ಬರೂ ತಬ್ಬಿಕೊಂಡು ಅತ್ತೆವು. ನಾಚಿಕೆ ಯಾಕೆ, ದನಿ ತೆಗೆದೇ ಅತ್ತೆವು. ಅತ್ತು ಮುಗಿದ ಮೇಲೆ ರೇಣುಕಾ, "ಅವರ ಮನೀಗೆ ಹೇಳಬೇಕ್ರಿ," ಎಂದು ಸಾಹೇಬರ ನಂಬರಿಗೇ ಫೋನು ಹಚ್ಚಿದಳು. ಅವರ ಹೆಂಡತಿ ಎತ್ತಿದರು. ರೇಣುಕಾ ಹೆಸರು ಹೇಳಿ, ತಡವರಿಸುತ್ತ ಸುದ್ದಿ ತಿಳಿಸಿದಳು. ಬಾಜು ನಿಂತಿದ್ದ ನನಗೂ ಆಯಮ್ಮನ ಮಾತು ಕೇಳಿಸಿತು.

"ಒಂದ ತಿಂಗಳ ಮೊದಲ ಹೇಳಬಾರದಾಗಿತ್ತೇನ ತಂಗಿ?"

"ಆಗಿದ್ದ ಇವತ್ತ್ರಿ ಯಕ್ಕಾ," ಎಂದಳು ರೇಣುಕಾ.